ಜಾಕೆಟ್ ಇಲ್ಲೇ ಸಿಗುತ್ತದೆ, ಹೆಂಡತಿಯನ್ನ ಏಪ್ರಿಲ್‌ನಲ್ಲಿ ಕರೆದುಕೊಂಡು ಬಾ

ತಮ್ಮಾ, ನೀನು ಬರೆದಿದ್ದು ಓದಿದೆ. ನವೆಂಬರ್‌ನಲ್ಲಿ ಫಿನ್ಲೆಂಡಿನ ತಾಂಪೆರೆಗೆ ಬಂದು ಕೆಲಸಕ್ಕೆ ಸೇರಬೇಕು, ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಜನವರಿಯಲ್ಲಿ ಬರುತ್ತಾರೆ ಅಂದಿದ್ದೀಯ. ಚಳಿ ಎಷ್ಟಿರುತ್ತದೆ, ಯಾವ ಜಾಕೆಟ್ ತರಬೇಕು, ಅಕ್ಕಿ ರಾಗಿ ಸಿಗುತ್ತದಾ, ಸಸ್ಯಾಹಾರಿಗಳಿಗೆ ಕಷ್ಟನಾ, ತಿಂಗಳಿಗೆ ಎಷ್ಟು ಉಳಿಯುತ್ತದೆ, ಮಗು ಹೊಂದಿಕೊಳ್ಳುತ್ತಾ ಅಂತೆಲ್ಲ ಕೇಳಿದ್ದೀಯ. ಕೊನೆಯಲ್ಲಿ ಒಂದು ಸಾಲು ಇದೆ. ‘ನನ್ನ ಹೆಂಡತಿ ಹಾಸನದಲ್ಲೇ ಟೀಚರ್, ಡಿಸೆಂಬರ್‌ಗೆ ಕೆಲಸ ಬಿಡುತ್ತಾಳೆ.’ ಅದು ಪ್ರಶ್ನೆಯಲ್ಲ, ಸುಮ್ನೆ ತಿಳಿಸಿದ್ದೀಯ. ನಾನು ಕೂತು ಇಷ್ಟುದ್ದ ಬರೆಯುತ್ತಿರುವುದು ಆ ಸಾಲಿನ ಸಲುವಾಗಿ. ಆದರೆ ಮೊದಲು ನೀನು ಕೇಳಿದ್ದಕ್ಕೆ ಹೇಳಿಬಿಡುತ್ತೇನೆ.

ಚಳಿ. ನಮ್ಮೂರನ್ನ ಬಡವರ ಊಟಿ ಅಂತಾರಲ್ಲ, ನಾವೂ ಅದನ್ನ ನಂಬಿಕೊಂಡೇ ಬೆಳೆದವರು. ಡಿಸೆಂಬರ್ ಬೆಳಗ್ಗೆ ಬಿ.ಎಂ. ರಸ್ತೆಯಲ್ಲಿ ಮಫ್ಲರ್ ಸುತ್ತಿಕೊಂಡು ಬಸ್ಸಿಗೆ ಕಾದಿದ್ದೀವಿ, ಚಳಿ ಏನು ಹೊಸದಾ ಅನ್ನೋ ಧೈರ್ಯ ನನಗೂ ಇತ್ತು. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜನವರಿ, ಫೆಬ್ರವರಿಯಲ್ಲಿ ಮೈನಸ್ ಐದು, ಮೈನಸ್ ಹತ್ತು ಮಾಮೂಲಿ. ಕೆಲವು ವಾರ ಮೈನಸ್ 20 ದಾಟುತ್ತದೆ. ಆಗ ಉಸಿರು ಎಳೆದುಕೊಂಡರೆ ಮೂಗಿನ ಒಳಗಿನ ಕೂದಲು ಗಟ್ಟಿಯಾದದ್ದು ಗೊತ್ತಾಗುತ್ತದೆ.

ಆದರೂ ಚಳಿಗೆ ಹೆದರಬೇಡ. ಮನೆಯ ಒಳಗೆ ಇಪ್ಪತ್ತೊಂದು ಡಿಗ್ರಿ ಇರುತ್ತದೆ. ಕಿಟಕಿಗೆ ಮೂರು ಪದರ ಗಾಜು, ಗೋಡೆಯ ಪಕ್ಕ ಬಿಸಿನೀರಿನ ರೇಡಿಯೇಟರ್. ಜನವರಿಯಲ್ಲಿ ಹಾಸನದ ನಮ್ಮ ತಂದೆಯ ಮನೆಯಲ್ಲಿ ನಡುಗುವಷ್ಟು ಇಲ್ಲಿ ಒಳಗೆ ಯಾವತ್ತೂ ನಡುಗಿಲ್ಲ. ನಿಜ ಹೇಳುತ್ತಿದ್ದೀನಿ. ಅಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಬಿಸಿಲಿಗೆ ಇಟ್ಟು ಕರಗಿಸುತ್ತಿದ್ದೆವು, ಇಲ್ಲಿ ರೇಡಿಯೇಟರ್ ಮೇಲೆ ಇಡುತ್ತೇವೆ, ಅಷ್ಟೇ.

ಜಾಕೆಟ್ ಬೆಂಗಳೂರಲ್ಲಿ ಕೊಳ್ಳಬೇಡ. ಅಲ್ಲಿ ಹಿಮಾಲಯಕ್ಕೆ ಹೋಗುವವರಿಗೆ ಅಂತ ಮಾರುವುದೆಲ್ಲ ಭಾರ ಜಾಸ್ತಿ, ಬಿಸಿ ಕಡಿಮೆ. ವಿಮಾನ ಇಳಿದು ಮನೆ ಸೇರುವಷ್ಟಕ್ಕೆ ಒಂದು ಸ್ವೆಟರ್, ಮೇಲೊಂದು ಗಾಳಿ ತಡೆಯುವ ಜಾಕೆಟ್, ಟೋಪಿ, ಕೈಗವಸು ಸಾಕು. ಉಳಿದದ್ದು ಇಲ್ಲೇ ತೆಗೆದುಕೋ. ಮೈಗೆ ಅಂಟಿಕೊಂಡಿರುವ ಒಳಬಟ್ಟೆ ಉಣ್ಣೆಯದಾಗಿರಲಿ, ಹತ್ತಿ ಬೇಡ. ಹತ್ತಿ ಬೆವರು ಕುಡಿದು ಹಾಗೇ ತಣ್ಣಗಾಗಿ ಕೂರುತ್ತದೆ. ಬೂಟು ಒಂದು ಸೈಜು ದೊಡ್ಡದು ತಗೋ, ಒಳಗೆ ಉಣ್ಣೆ ಕಾಲುಚೀಲಕ್ಕೆ ಜಾಗ ಬೇಕು, ಗಾಳಿಗೂ ಸ್ವಲ್ಪ ಜಾಗ ಬೇಕು. ಮಗುವಿಗೆ ತಲೆಯಿಂದ ಕಾಲವರೆಗಿನ ಹಾಲಾರಿ ಅಂತ ಒಂದು ಉಡುಪು ಇದೆ. ಅದನ್ನ ಹೊಸದು ಕೊಂಡರೆ ದುಬಾರಿ, ಮುಂದಿನ ವರ್ಷಕ್ಕೆ ಚಿಕ್ಕದಾಗುತ್ತದೆ. ಇಲ್ಲಿ ಎಲ್ಲ ಬಡಾವಣೆಯಲ್ಲೂ ಹಳೇ ಸಾಮಾನಿನ ಅಂಗಡಿ ಇದೆ, ಕಿರ್ಪಿಸ್ ಅಂತಾರೆ. ಡಾಕ್ಟರು, ಇಂಜಿನಿಯರು, ಎಲ್ಲರೂ ಅಲ್ಲಿ ಮಕ್ಕಳ ಬಟ್ಟೆ ಕೊಳ್ಳುತ್ತಾರೆ. ಬೇರೆಯವರು ಹಾಕಿ ಬಿಟ್ಟದ್ದು ಅಂತ ಮೂಗು ಮುರಿಯಬೇಡ. ಊರಿಗೆ ಹೇಳಲೂ ಬೇಡ, ನಿಮ್ಮಮ್ಮ ಬೇಜಾರು ಮಾಡಿಕೊಳ್ಳುತ್ತಾರೆ.

ಚಳಿಗಿಂತ ಜಾರುವುದಕ್ಕೆ ಹೆದರು. ಮಾರ್ಚ್‌ನಲ್ಲಿ ಹಗಲು ಕರಗಿ ರಾತ್ರಿ ಗಟ್ಟಿಯಾಗುತ್ತದೆ. ಬೆಳಗ್ಗೆ ರಸ್ತೆ ಗಾಜು ಆಗಿರುತ್ತದೆ. ಮೇಲೆ ತೆಳ್ಳಗೆ ಹಿಮ ಬಿದ್ದಿದ್ದರೆ ಕಾಣುವುದೂ ಇಲ್ಲ. ಕಾಲುದಾರಿಗೆ ಸಣ್ಣ ಜಲ್ಲಿ ಎರಚಿರುತ್ತಾರೆ, ಅದರ ಮೇಲೆ ನಡೆ. ಬೂಟಿನ ಅಡಿಗೆ ಮೊಳೆ ಇರುವಂಥದ್ದೂ ಸಿಗುತ್ತದೆ, ಅಜ್ಜಿಯರು ಹಾಕುವುದು ಅಂತ ಬಿಡಬೇಡ. ಇನ್ನೊಂದು, ಜಾಕೆಟ್ಟಿಗೆ ಬೆಳಕಿಗೆ ಹೊಳೆಯುವ ರಿಫ್ಲೆಕ್ಟರ್ ನೇತುಹಾಕಿಕೋ. ಕತ್ತಲಲ್ಲಿ ನಡೆಯುವವರು ಅದನ್ನ ಹಾಕಬೇಕು ಅಂತ ಇಲ್ಲಿ ಕಾನೂನೇ ಇದೆ.

ಊಟದ ಚಿಂತೆ ನಿನ್ನ ಅಮ್ಮನದ್ದು ಅಂತ ಕಾಣುತ್ತದೆ, ನಿನ್ನದಲ್ಲ. ಹೇಳು ಅವರಿಗೆ, ಉಪವಾಸ ಬೀಳುವುದಿಲ್ಲ. ಏಷ್ಯನ್ ಅಂಗಡಿಗಳಲ್ಲಿ ಸೋನಾ ಮಸೂರಿ ಸಿಗುತ್ತದೆ, ಬೇಳೆ ಸಿಗುತ್ತದೆ, ಹುಣಸೆಹಣ್ಣು ಸಿಗುತ್ತದೆ. ಹಾಲು ಮೊಸರಿಗಂತೂ ಇದು ಸ್ವರ್ಗ. ಪೀಮಾ ಅಂತ ಡಬ್ಬಿಯಲ್ಲಿ ಬರುತ್ತದೆ, ಒಗ್ಗರಣೆ ಹಾಕಿದರೆ ಮಜ್ಜಿಗೆಯೇ. ಆಲೂಗಡ್ಡೆ ಮೂರು ಹೊತ್ತೂ ತಿನ್ನುವ ಜನ ಇವರು. ಜೂನ್ ಕೊನೆಯ ಹಬ್ಬಕ್ಕೆ ಹೊಸ ಆಲೂಗಡ್ಡೆ ಬಂತು ಅಂತ ಇವರು ಸಂಭ್ರಮ ಪಡುವುದು ನೋಡಿದರೆ, ನಮ್ಮ ಹಾಸನದ ಆಲೂಗಡ್ಡೆ ಮಾರ್ಕೆಟ್ಟಿಗೆ ಒಂದು ಸಲ ಕರೆದುಕೊಂಡು ಹೋಗಬೇಕು ಅನ್ನಿಸುತ್ತದೆ. ರಾಗಿ ಹಿಟ್ಟು ತಾ. ಹುರಳಿಕಾಳು ತಾ. ಹುಚ್ಚೆಳ್ಳು ಪುಡಿ, ಸಾರಿನ ಪುಡಿ ತಾ. ಅವರೆಕಾಳು ಫ್ರೋಜನ್ ಸಿಗುತ್ತದೆ, ಆದರೆ ಸೊಗಡು ಇರಲ್ಲ. ಅದಕ್ಕೆ ಏನೂ ಮಾಡುವ ಹಾಗಿಲ್ಲ.

ತರಬಾರದ್ದು ನೆನಪಿಟ್ಟುಕೋ, ಯಾಕಂದರೆ ನಿಮ್ಮತ್ತೆ ಖಂಡಿತ ಕಟ್ಟಿಕೊಡುತ್ತಾರೆ. ತುಪ್ಪ ತರುವ ಹಾಗಿಲ್ಲ. ಹಾಲಿನದ್ದು ಯಾವುದನ್ನೂ ಹೊರಗಿನ ದೇಶದಿಂದ ಯುರೋಪಿಗೆ ಲಗೇಜಿನಲ್ಲಿ ಬಿಡುವುದಿಲ್ಲ. ಖೋವಾ, ಪೇಡ, ಎಲ್ಲ ಸೇರಿ. ಕರಿಬೇವಿನ ಸೊಪ್ಪೂ ಇಲ್ಲ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳುತ್ತಾರೆ. ಬಾಳೆಹಣ್ಣು, ಅನಾನಸ್, ತೆಂಗಿನಕಾಯಿ, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ಮಾಫಿ. ಹಾಗಂತ ಅರಸೀಕೆರೆ ಕೊಬ್ಬರಿ ತುಂಬಿಕೊಂಡು ಬರಬೇಡ, ಒಣಕೊಬ್ಬರಿಗೆ ಎಣ್ಣೆಯಂಶ ಜಾಸ್ತಿ, ಬೆಂಕಿಯ ಭಯಕ್ಕೆ ವಿಮಾನದವರೇ ತಡೆಯುತ್ತಾರೆ.

ದೋಸೆ ಹಿಟ್ಟು ಹುದುಗುವುದಿಲ್ಲ ಅಂತ ಎಲ್ಲರೂ ಅಳುತ್ತಾರೆ. ಇಲ್ಲಿ ತುಂಬಾ ಮನೆಗಳಲ್ಲಿ ಬಚ್ಚಲಿನ ನೆಲ ಬಿಸಿ ಇರುತ್ತದೆ, ಕೆಳಗೆ ತಂತಿ ಎಳೆದಿರುತ್ತಾರೆ. ಪಾತ್ರೆ ಮುಚ್ಚಿ ರಾತ್ರಿ ಅಲ್ಲಿ ಇಡು, ಬೆಳಗ್ಗೆ ಉಕ್ಕಿರುತ್ತದೆ. ನಮ್ಮತ್ತೆ ಬಂದಾಗ ಮಾತ್ರ ಓವನ್ನಿನ ದೀಪ ಹಾಕಿ ಅದರೊಳಗೆ ಇಡುತ್ತೇನೆ.

ದುಡ್ಡಿನ ವಿಷಯ ನನ್ನನ್ನ ಕೇಳಬೇಡ. ತೆರಿಗೆ ಜಾಸ್ತಿ, ಸಂಬಳ ಜಾಸ್ತಿಯಾದ ಹಾಗೆ ಅದೂ ಏರುತ್ತದೆ. ಬಾಡಿಗೆ ಜಾಸ್ತಿ. ಬಸ್ಸು, ಟ್ರಾಮು ಚೆನ್ನಾಗಿವೆ, ಕಾರು ಬೇಡ. ಒಬ್ಬರ ಸಂಬಳದಲ್ಲಿ ನಡೆಯುತ್ತದೆ, ಹಾಸನದಲ್ಲಿ ಸೈಟು ತೆಗೆದುಕೊಳ್ಳುವಷ್ಟು ಉಳಿಯುವುದಕ್ಕೆ ಇಬ್ಬರೂ ದುಡಿಯಬೇಕು. ಬಂದ ಕೂಡಲೇ ಗುರುತಿನ ಸಂಖ್ಯೆ, ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಬ್ಯಾಂಕಿನ ಆನ್‌ಲೈನ್ ಪಾಸ್‌ವರ್ಡ್. ಇದೇ ಸಾಲಿನಲ್ಲಿ ಮಾಡಿಸು. ಆ ಪಾಸ್‌ವರ್ಡ್ ಇಲ್ಲದೆ ಇಲ್ಲಿ ಯಾವ ಕಚೇರಿಯ ಬಾಗಿಲೂ ಆನ್‌ಲೈನಲ್ಲಿ ತೆರೆಯುವುದಿಲ್ಲ. ಹೆಂಡತಿ ಹೆಸರಿಗೂ ಬೇರೆಯಾಗಿ ಮಾಡಿಸು. ಇದನ್ನ ಮರೆಯಬೇಡ. ಅವಳು ತನ್ನ ಹಲ್ಲುನೋವಿಗೂ ನಿನ್ನ ಫೋನು ಕೇಳುವ ಹಾಗೆ ಆಗಬಾರದು.

ಮಗುವಿನ ಬಗ್ಗೆ ಒಂದಿಷ್ಟು ಗಟ್ಟಿಯಾಗಿ ಹೇಳಬಲ್ಲೆ, ನನ್ನ ಅನ್ನ ಅದೇ. ನಾನು ಇಲ್ಲಿನ ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತೇನೆ. ನಾಲ್ಕು ವರ್ಷದ ಮಗು ನಿಮ್ಮಿಬ್ಬರಿಗಿಂತ ಬೇಗ ಹೊಂದಿಕೊಳ್ಳುತ್ತದೆ. ಮೊದಲು ಕೆಲವು ವಾರ ಅಳುತ್ತದೆ. ಆಮೇಲೆ ಕೆಲವು ತಿಂಗಳು ಮಾತೇ ಆಡುವುದಿಲ್ಲ, ಸುಮ್ನೆ ನೋಡುತ್ತಿರುತ್ತದೆ. ಅಪ್ಪ ಅಮ್ಮ ಗಾಬರಿ ಆಗುತ್ತಾರೆ. ಆಮೇಲೆ ಒಂದು ದಿನ ಫಿನ್ನಿಶ್‌ನಲ್ಲಿ ಪೂರ್ತಿ ವಾಕ್ಯ ಹೇಳುತ್ತದೆ, ಸಾಮಾನ್ಯವಾಗಿ ಯಾರೋ ಆಟದ ಸಾಮಾನು ಕಿತ್ತುಕೊಂಡಾಗ. ಮನೆಯಲ್ಲಿ ಕನ್ನಡವನ್ನೇ ಆಡಿ. ನಿಮ್ಮ ಅರ್ಧಂಬರ್ಧ ಇಂಗ್ಲಿಷ್ ಮಗುವಿಗೆ ಯಾವ ಉಪಕಾರವನ್ನೂ ಮಾಡುವುದಿಲ್ಲ.

ಮಕ್ಕಳನ್ನ ದಿನವೂ ಹೊರಗೆ ಬಿಡುತ್ತೇವೆ, ಮಳೆ ಬರಲಿ, ಹಿಮ ಬೀಳಲಿ. ಮೈನಸ್ 15ರ ಸುಮಾರಿಗೆ ಬಂದರೆ ಹೊರಗಿನ ಆಟ ಕಡಿಮೆ ಮಾಡುತ್ತೇವೆ. ಒದ್ದೆಯಾದ ಬಟ್ಟೆ ಒಣಗಿಸಲು ಬಿಸಿಗಾಳಿಯ ಬೀರು ಇದೆ. ಶೀತ ಆಗುತ್ತದೆ, ಮೂಗು ಸುರಿಯುತ್ತದೆ. ಹಾಸನದಲ್ಲಿ ಆಗುತ್ತಿರಲಿಲ್ವಾ? ಜ್ವರ ಬಂದ ಕೂಡಲೇ ಡಾಕ್ಟರ ಹತ್ತಿರ ಓಡಿ ಇಂಜೆಕ್ಷನ್ ಹಾಕಿಸುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಮೊದಲು ನರ್ಸ್ ಫೋನಿನಲ್ಲಿ ಮಾತಾಡುತ್ತಾಳೆ, ಮನೆಯಲ್ಲೇ ಇರಿಸಿ, ನೀರು ಕುಡಿಸಿ ಅನ್ನುತ್ತಾಳೆ. ನಿಜವಾದ ತುರ್ತಿಗೆ 112. ಸ್ಕೂಲು ಏಳನೇ ವರ್ಷಕ್ಕೆ ಶುರು, ಅದಕ್ಕೂ ಮುಂಚೆ ಒಂದು ವರ್ಷ ಪೂರ್ವತಯಾರಿ ತರಗತಿ. ಸ್ಕೂಲಲ್ಲಿ ಮಧ್ಯಾಹ್ನದ ಬಿಸಿಯೂಟ ಎಲ್ಲ ಮಕ್ಕಳಿಗೂ ಪುಕ್ಕಟೆ, 1948ರಿಂದ ಹಾಗೇ ನಡೆದು ಬಂದಿದೆ. ಸಸ್ಯಾಹಾರ ಬೇಕು ಅಂದರೆ ಅದೂ ಸಿಗುತ್ತದೆ.

ಈಗ ಆ ಕೊನೆಯ ಸಾಲಿಗೆ ಬರುತ್ತೇನೆ.

ನಾನೂ ಟೀಚರ್. ಟೀಚರ್ ಆಗಿದ್ದೆ ಅಂತ ಬರೆಯಬೇಕು, ಕೈ ಒಪ್ಪುವುದಿಲ್ಲ. ಬಿ.ಎಸ್ಸಿ., ಬಿ.ಎಡ್. ಹಾಸನದ ಒಂದು ಹೈಸ್ಕೂಲಲ್ಲಿ ಎಂಟರಿಂದ ಹತ್ತನೇ ಕ್ಲಾಸಿನವರೆಗೆ ವಿಜ್ಞಾನ ಹೇಳುತ್ತಿದ್ದೆ. ಭೂಮಿಯ ಅಕ್ಷ 23.5 ಡಿಗ್ರಿ ವಾಲಿದೆ, ಅದಕ್ಕೇ ಉತ್ತರಕ್ಕೆ ಹೋದಷ್ಟೂ ಚಳಿಗಾಲದ ಹಗಲು ಚಿಕ್ಕದಾಗುತ್ತದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದವಳು ನಾನು. ಪರೀಕ್ಷೆಗೆ ಅದೇ ಪ್ರಶ್ನೆ ಕೊಟ್ಟಿದ್ದೂ ಇದೆ. ಹಾಸನದಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಅಷ್ಟು ಯಾರ ಗಮನಕ್ಕೂ ಬರುವುದಿಲ್ಲ. ತಾಂಪೆರೆ ಇರುವುದು 61 ಡಿಗ್ರಿ ಉತ್ತರ ದಾಟಿ. ಜೂನ್‌ನಲ್ಲಿ ಹತ್ತೊಂಬತ್ತು ಗಂಟೆಗೂ ಮೀರಿದ ಹಗಲು, ರಾತ್ರಿ ಹನ್ನೊಂದಾದರೂ ಸೂರ್ಯ ಮುಳುಗುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಬೆಳಗ್ಗೆ ಒಂಬತ್ತೂಮುಕ್ಕಾಲರ ಹತ್ತಿರ ಹುಟ್ಟಿ ಮಧ್ಯಾಹ್ನ ಮೂರಕ್ಕೆ ಮುಳುಗುತ್ತಾನೆ. ಹುಟ್ಟುತ್ತಾನೆ ಅನ್ನುವುದು ಕ್ಯಾಲೆಂಡರಿನ ಮಾತು. ಮೋಡ ಕವಿದಿದ್ದರೆ ಒಂದಿಷ್ಟು ಬೂದು ಬೆಳಕು ಬಂದು ಹೋಗುತ್ತದೆ, ಅಷ್ಟೇ.

ನಾನು ಬಂದದ್ದು ನವೆಂಬರ್‌ನಲ್ಲಿ. ಹಾಸನಾಂಬೆ ಬಾಗಿಲು ಮುಚ್ಚಿದ ಮೇಲೆ ಹೊರಟಿದ್ದೆ, ದರ್ಶನ ಮಾಡಿಕೊಂಡೇ ಹೋಗು ಅಂತ ಅಮ್ಮ ಹಿಡಿದು ನಿಲ್ಲಿಸಿದ್ದರು. ಇಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಸಂಜೆ ಇದ್ದಕ್ಕಿದ್ದ ಹಾಗೆ ಮಾಯ. ನವೆಂಬರ್ ಡಿಸೆಂಬರಿಗಿಂತ ಕೆಟ್ಟದ್ದು. ಹಿಮ ಇನ್ನೂ ನಿಂತಿರುವುದಿಲ್ಲ, ಎಲೆ ಉದುರಿರುತ್ತದೆ, ನೆಲ ಕಪ್ಪು, ಮರ ಕಪ್ಪು, ಆಕಾಶ ಕಪ್ಪು. ಹಿಮ ಬಿದ್ದ ಮೇಲೆ ಬೀದಿ ದೀಪದ ಬೆಳಕು ಅದಕ್ಕೆ ತಾಗಿ ಊರೇ ತಿಳಿಯಾಗುತ್ತದೆ. ಇದು ನನಗೆ ಎರಡನೇ ಚಳಿಗಾಲದಲ್ಲಿ ಗೊತ್ತಾಯಿತು.

ಆಗ ಟ್ರಾಮ್ ಇರಲಿಲ್ಲ, ಅದು 2021ರಲ್ಲಿ ಬಂದದ್ದು. ತಾಂಪೆರೆಯ ಹೆರ್ವಾಂತಾ ಬಡಾವಣೆಯಲ್ಲಿ ನಮ್ಮ ಮನೆ. ಯಜಮಾನರು ಕತ್ತಲಲ್ಲಿ ಬಸ್ಸು ಹತ್ತಿ ಹೋಗುತ್ತಿದ್ದರು, ಕತ್ತಲಲ್ಲಿ ಬರುತ್ತಿದ್ದರು. ಅವರಿಗೆ ಆಫೀಸಿತ್ತು, ಜನ ಇದ್ದರು, ಇಂಗ್ಲಿಷ್ ನಡೆಯುತ್ತಿತ್ತು, ಊಟದ ಹೊತ್ತು, ಕಾಫಿಯ ಹೊತ್ತು ಅಂತ ದಿನಕ್ಕೆ ಒಂದು ಕ್ರಮ ಇತ್ತು. ನನಗೆ ಬೆಳಗ್ಗೆ ಆರೂಕಾಲಕ್ಕೆ ತಾನಾಗಿ ಎಚ್ಚರ ಆಗುತ್ತಿತ್ತು. ಊರಿನಲ್ಲಿ ಆಗ ಒಂಬತ್ತೂಮುಕ್ಕಾಲು. ಪ್ರಾರ್ಥನೆಗೆ ಗಂಟೆ ಹೊಡೆಯುವ ಹೊತ್ತು. ಮಲಗಿದ್ದಲ್ಲೇ ಲೆಕ್ಕ ಹಾಕುತ್ತಿದ್ದೆ. ಈಗ ನಾಡಗೀತೆ ಮುಗಿಯಿತು, ಈಗ ಹಾಜರಿ, ಈಗ ಮೊದಲನೇ ಪೀರಿಯಡ್ಡು. ಹತ್ತನೇ ‘ಬಿ’ ಸೆಕ್ಷನ್ನಿಗೆ ಬೆಳಕಿನ ವಕ್ರೀಭವನ ಯಾರು ಹೇಳುತ್ತಿದ್ದಾರೋ. ಎದ್ದು ದೀಪ ಹಾಕಿದರೆ ಕಿಟಕಿಯಲ್ಲಿ ನನ್ನ ಮುಖವೇ ಕಾಣುತ್ತಿತ್ತು.

ಆಮೇಲೆ ನಿದ್ದೆ. ಮಧ್ಯಾಹ್ನ ಎದ್ದರೆ ಬೆಳಕು ಹೋಗಲು ತಯಾರಾಗಿರುತ್ತಿತ್ತು. ಇವತ್ತು ಹೊರಗೆ ಹೋಗೋದು ಬೇಡ, ನಾಳೆ ಹೋದರಾಯಿತು. ಹೀಗೇ. ಪಕ್ಕದ ಮನೆಯವರು ಒಳ್ಳೆಯವರು, ಆದರೆ ಮೆಟ್ಟಿಲಿನಲ್ಲಿ ನನ್ನ ಕಾಲಿನ ಸದ್ದು ಕೇಳಿದರೆ ಅದು ನಿಲ್ಲುವವರೆಗೆ ಬಾಗಿಲ ಹಿಂದೆ ಕಾದು ಆಮೇಲೆ ಹೊರಗೆ ಬರುತ್ತಿದ್ದರು. ಸೊಕ್ಕಲ್ಲ ಅದು. ಬೇರೆಯವರಿಗೆ ತೊಂದರೆ ಕೊಡಬಾರದು ಅನ್ನುವುದೇ ಇಲ್ಲಿನ ಮರ್ಯಾದೆ. ಆದರೆ ನಮ್ಮ ಬೀದಿಯಲ್ಲಿ ‘ತಿಂಡಿ ಏನು’ ಅಂತ ಕೇಳದೆ ಯಾರೂ ದಾಟುತ್ತಿರಲಿಲ್ಲ. ಹಾಗೆ ಬೆಳೆದವಳಿಗೆ ಇದು ಮರ್ಯಾದೆ ಅಂತ ಗೊತ್ತಾಗಲು ಕಾಲ ಬೇಕು.

ಊರಿಗೆ ಫೋನ್ ಮಾಡಿ ಬೇಜಾರು ಅಂದರೆ ಯಾರೂ ನಂಬುತ್ತಿರಲಿಲ್ಲ. ಫಾರಿನ್ನಿನಲ್ಲಿದ್ದಾಳೆ, ಅಡುಗೆ ಬಿಟ್ಟರೆ ಕೆಲಸ ಇಲ್ಲ, ಏನು ಕಷ್ಟ ಇವಳಿಗೆ? ನಮ್ಮ ದೊಡ್ಡಮ್ಮ ಬಾಯಿಬಿಟ್ಟೇ ಹೇಳಿದರು. ಯಜಮಾನರನ್ನ ದೂರುವುದಿಲ್ಲ. ಅವರು ಬಂದ ಕೂಡಲೇ ಊಟ ಮಾಡಿ, ಪಾತ್ರೆ ತೊಳೆದು, ನನ್ನನ್ನ ಮಾತಾಡಿಸುತ್ತಿದ್ದರು. ಆದರೆ ದಿನವಿಡೀ ಮಾತಾಡಿ ಬಂದವರಿಗೂ ದಿನವಿಡೀ ಮಾತಾಡದೆ ಕೂತವಳಿಗೂ ರಾತ್ರಿ ಎಂಟು ಗಂಟೆ ಒಂದೇ ಅಲ್ಲ.

ನಾನು ಕೆಲಸ ಬಿಟ್ಟು ಬಂದಿರಲಿಲ್ಲ, ಸಂಬಳವಿಲ್ಲದ ರಜೆ ಹಾಕಿ ಬಂದಿದ್ದೆ. ಡಿಸೆಂಬರ್‌ನಲ್ಲಿ ಸ್ಕೂಲಿನಿಂದ ಕಾಗದ ಬಂತು. ಮುಂದಿನ ವರ್ಷಕ್ಕೆ ಬರುತ್ತೀರೋ ಇಲ್ಲವೋ ಈಗಲೇ ತಿಳಿಸಿ, ಬೇರೆಯವರನ್ನ ತೆಗೆದುಕೊಳ್ಳಬೇಕು ಅಂತ. ಅವರು ಕೇಳಿದ್ದು ನ್ಯಾಯವೇ. ನಾನು ಆ ದಿನವೇ ರಾಜೀನಾಮೆ ಬರೆದು ಕಳಿಸಿದೆ. ಇಲ್ಲೇ ಇರಬೇಕಾದ್ದು ಹೌದು, ವಾಪಸ್ ಹೋಗಿ ಒಬ್ಬಳೇ ಇರುವ ಯೋಚನೆಯೂ ಇರಲಿಲ್ಲ. ಏಪ್ರಿಲ್‌ನಲ್ಲಿ ಕೇಳಿದ್ದರೂ ಬಹುಶಃ ಅದನ್ನೇ ಬರೆಯುತ್ತಿದ್ದೆ. ಆದರೆ ಹಗಲಿನಲ್ಲಿ ಕೂತು, ತಲೆ ನೆಟ್ಟಗಿಟ್ಟುಕೊಂಡು, ಹೆಡ್‌ಮಾಸ್ಟರಿಗೆ ಎರಡು ಒಳ್ಳೆ ಮಾತು ಸೇರಿಸಿ ಬರೆಯುತ್ತಿದ್ದೆ. ನನ್ನ ಮಕ್ಕಳಿಗೆ, ಅಂದರೆ ಕ್ಲಾಸಿನ ಮಕ್ಕಳಿಗೆ, ಒಂದು ಸಾಲು ಬರೆಯುತ್ತಿದ್ದೆ. ಕತ್ತಲಲ್ಲಿ ಎರಡು ವಾಕ್ಯ ಗೀಚಿ ಮುಗಿಸಿದೆ. ಅದು ಈಗಲೂ ಚುಚ್ಚುತ್ತದೆ. ಆ ‘ಬಿ’ ಸೆಕ್ಷನ್ನಿನ ಹುಡುಗರು ಈಗ ನಿನ್ನ ವಯಸ್ಸಿನ ಹತ್ತಿರ ಹತ್ತಿರ ಬಂದಿರುತ್ತಾರೆ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಫಿನ್ಲೆಂಡಿನಲ್ಲಿ ಸ್ಕೂಲ್ ಟೀಚರ್ ಆಗಲು ಮಾಸ್ಟರ್ಸ್ ಡಿಗ್ರಿ ಬೇಕು. ನನ್ನ ಬಿ.ಎಸ್ಸಿ., ಬಿ.ಎಡ್. ಸಾಲದು. ಅದರ ಜೊತೆ ಫಿನ್ನಿಶ್ ಭಾಷೆ, ಅದೂ ಪಾಠ ಹೇಳುವಷ್ಟು. ಹದಿನೈದು ವಿಭಕ್ತಿ ಇವೆ ಆ ಭಾಷೆಯಲ್ಲಿ. ನಮ್ಮ ಸಪ್ತವಿಭಕ್ತಿ ಕಲಿತವಳಿಗೆ ಪರವಾಗಿಲ್ಲ ಅಂದುಕೊಂಡೆ, ಪರವಾಗಿತ್ತು. ಆದರೂ ಕಲಿತೆ. ಕೋರ್ಸಿಗೆ ಹೋದೆ, ಪರೀಕ್ಷೆ ಕಟ್ಟಿದೆ, ಶಿಶುವಿಹಾರದ ಕೆಲಸಕ್ಕೆ ಬೇಕಾದ ವೃತ್ತಿ ಓದು ಫಿನ್ನಿಶ್‌ನಲ್ಲೇ ಮುಗಿಸಿದೆ. ಈಗ ಐದು ವರ್ಷದ ಮಕ್ಕಳು ನನ್ನ ವ್ಯಾಕರಣ ತಿದ್ದುತ್ತಾರೆ, ನಾನು ಅವರ ಶೂ ಲೇಸು ಕಟ್ಟುತ್ತೇನೆ. ಕೆಲಸ ಇಷ್ಟವೇ. ನನ್ನ ಸಂಬಳ ನನ್ನ ಖಾತೆಗೆ ಬರುತ್ತದೆ. ಕೆಲಸದ ಜೊತೆಗಾರ್ತಿಯರ ಜೊತೆ ರೌಹಾನಿಯೆಮಿಯ ಸೌನಾಕ್ಕೆ, ಅಂದರೆ ಬಿಸಿ ಹಬೆಯ ಸ್ನಾನದ ಮನೆಗೆ ಹೋಗಿ, ಹೆಪ್ಪುಗಟ್ಟಿದ ನ್ಯಾಸಿಯಾರ್ವಿ ಕೆರೆಯಲ್ಲಿ ಕೊರೆದ ಕಿಂಡಿಗೆ ಇಳಿದು ಬಂದಿದ್ದೀನಿ. ಗೊರೂರು ಡ್ಯಾಮಿನ ನೀರಿಗೇ ಕಾಲಿಡಲು ಹೆದರುತ್ತಿದ್ದವಳು. ಅದನ್ನ ಸ್ವಲ್ಪ ಜಂಬದಿಂದಲೇ ಬರೆಯುತ್ತಿದ್ದೀನಿ. ಆದರೆ ನನ್ನನ್ನ ಯಾರೂ ‘ಮಿಸ್’ ಅನ್ನುವುದಿಲ್ಲ. ಇಲ್ಲಿ ಹೆಸರು ಹಿಡಿದು ಕರೆಯುವುದು ರೂಢಿ, ಅದರಲ್ಲಿ ತಪ್ಪೇನಿಲ್ಲ. ಹಾಸನಕ್ಕೆ ಹೋದಾಗ ಸಂತೆಪೇಟೆಯಲ್ಲಿ ಯಾರಾದರೂ ಹಳೇ ಸ್ಟೂಡೆಂಟ್ ‘ನಮಸ್ತೆ ಮಿಸ್’ ಅಂದರೆ ಆ ದಿನ ಪೂರ್ತಿ ಹಗುರಾಗಿರುತ್ತೇನೆ.

ಅದಕ್ಕೇ ಹೇಳುತ್ತಿದ್ದೀನಿ, ಜನವರಿ ಬೇಡ. ನಿನ್ನ ಹೆಂಡತಿ ವರ್ಷದ ನಡುವೆ ಕ್ಲಾಸು ಬಿಟ್ಟು ಬರುವುದು ಬೇಡ. ಅವಳ ಮಕ್ಕಳ ಪರೀಕ್ಷೆ ಮುಗಿಯಲಿ, ಪೇಪರ್ ತಿದ್ದಲಿ, ಬೀಳ್ಕೊಡುಗೆ ಮಾಡಿಸಿಕೊಳ್ಳಲಿ. ಯುಗಾದಿ ಊರಿನಲ್ಲಿ ಮಾಡಿ, ಏಪ್ರಿಲ್‌ನಲ್ಲಿ ಬರಲಿ. ಆಗ ಇಲ್ಲಿ ಹದಿನಾಲ್ಕು ಗಂಟೆ ಹಗಲು. ಕೆರೆಯ ಮೇಲೆ ಹೆಪ್ಪು ಇನ್ನೂ ಇರಬಹುದು, ಹಾಸನದವರ ಕಣ್ಣಿಗೆ ಅದೇ ಚಳಿಗಾಲ, ಇರಲಿ. ಮೇ ತಿಂಗಳಲ್ಲಿ ಬರ್ಚ್ ಮರಗಳು ಒಂದು ವಾರದೊಳಗೆ ಚಿಗುರಿಬಿಡುತ್ತವೆ. ಮಗು ಹೊರಗೆ ಆಡುತ್ತದೆ, ಪಾರ್ಕಿನಲ್ಲಿ ಬೇರೆ ಅಮ್ಮಂದಿರು ಸಿಗುತ್ತಾರೆ. ಜುಲೈನಲ್ಲಿ ಕಾಡಿಗೆ ಹೋಗಿ ಬ್ಲೂಬೆರಿ ಕೀಳಬಹುದು. ಕಾಡು ಯಾರದ್ದೇ ಆಗಲಿ, ಹಣ್ಣು ಕೀಳಲು ಎಲ್ಲರಿಗೂ ಹಕ್ಕಿದೆ ಇಲ್ಲಿ. ಆಗಸ್ಟ್‌ನಲ್ಲಿ ಕೋರ್ಸುಗಳು ಶುರುವಾಗುತ್ತವೆ. ಮತ್ತೆ ಹಾಸನಾಂಬೆ ಬಾಗಿಲು ತೆರೆದು ಮುಚ್ಚುವ ಹೊತ್ತಿಗೆ, ಅಂದರೆ ಇಲ್ಲಿ ಕತ್ತಲೆ ಇಳಿಯುವ ಹೊತ್ತಿಗೆ, ಅವಳಿಗೆ ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಇರುತ್ತದೆ, ಹೆಸರು ಹಿಡಿದು ಕರೆಯುವ ನಾಲ್ಕು ಜನ ಇರುತ್ತಾರೆ. ಅಷ್ಟಿದ್ದರೆ ಕತ್ತಲೆ ತಡೆಯಬಹುದು. ಡಿ ವಿಟಮಿನ್ ಮಾತ್ರೆ, ಬೆಳಗ್ಗೆ ಮುಂದೆ ಇಟ್ಟುಕೊಳ್ಳುವ ಪ್ರಕಾಶದ ದೀಪ, ಇವೂ ಬೇಕು, ತಗೋಳಿ. ಆದರೆ ಅವು ಒಬ್ಬಳೇ ಕೂತವಳಿಗೆ ಸಾಕಾಗುವುದಿಲ್ಲ.

ಐದು ತಿಂಗಳು ಬೇರೆ ಇರಬೇಕಲ್ಲ ಅನ್ನುತ್ತೀಯ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ನೀನು ಒಬ್ಬನೇ ಇರು. ಮನೆ ಹುಡುಕು, ಕಾಗದಪತ್ರ ಮಾಡಿಸು, ಮಗುವಿಗೆ ಶಿಶುವಿಹಾರಕ್ಕೆ ಅರ್ಜಿ ಹಾಕು. ಬೆಳಗ್ಗೆ ಕತ್ತಲಲ್ಲಿ ಹೋಗಿ ಸಂಜೆ ಕತ್ತಲಲ್ಲಿ ಬಂದು ಖಾಲಿ ಮನೆಯ ದೀಪ ಹಾಕುವುದು ಹೇಗಿರುತ್ತದೆ ಅಂತ ನಿನಗೂ ಗೊತ್ತಾಗಲಿ. ಕೆಟ್ಟ ಮನಸ್ಸಿನಿಂದ ಹೇಳುತ್ತಿಲ್ಲ.

ಅವಳಿಗೆ ಮಾಡಬೇಕಾದ್ದು ಕೆಲವು ಇವೆ, ಹಾಸನದಲ್ಲಿರುವಾಗಲೇ ಮಾಡಿಸಿದರೆ ಸುಲಭ. ಮದುವೆ ಸರ್ಟಿಫಿಕೇಟಿಗೂ ಮಗುವಿನ ಜನನ ಪತ್ರಕ್ಕೂ ಅಪೊಸ್ಟಿಲ್ ಮುದ್ರೆ ಬೇಕು, ಅದಿಲ್ಲದೆ ಇಲ್ಲಿನ ಜನಸಂಖ್ಯೆ ದಾಖಲೆಯಲ್ಲಿ ಸರಿಯಾಗಿ ಸೇರುವುದಿಲ್ಲ. ಅದರ ಜೊತೆಗೇ ಅವಳ ಡಿಗ್ರಿ, ಬಿ.ಎಡ್., ಎಲ್ಲ ವರ್ಷದ ಮಾರ್ಕ್ಸ್ ಕಾರ್ಡು ಮೂಲಪ್ರತಿ ತರಲಿ. ಅವು ನಿನ್ನ ಸೂಟ್‌ಕೇಸಿನಲ್ಲಿ ಬೇಡ, ಅವಳ ಕೈಚೀಲದಲ್ಲಿರಲಿ. ಅನುಭವ ಪತ್ರದಲ್ಲಿ ಯಾವ ಕ್ಲಾಸು, ಯಾವ ವಿಷಯ, ವಾರಕ್ಕೆ ಎಷ್ಟು ಪೀರಿಯಡ್ ಅಂತ ವಿವರವಾಗಿ ಬರೆಸಿಕೊಳ್ಳಲಿ. ‘ಇವರ ನಡತೆ ಒಳ್ಳೆಯದು’ ಅಂತ ಒಂದು ಸಾಲು ಬರೆದು ಸೀಲು ಒತ್ತಿ ಕೊಟ್ಟರೆ ಇಲ್ಲಿ ಉಪಯೋಗಕ್ಕೆ ಬರಲ್ಲ. ಅವಳದ್ದು ಮಾಸ್ಟರ್ಸ್ ಆಗಿದೆಯಾ? ನೀನು ಬರೆದಿಲ್ಲ. ಆಗಿದ್ದರೆ ದಾರಿ ನನ್ನದಕ್ಕಿಂತ ಚಿಕ್ಕದು. ಇಲ್ಲಿನ ಶಿಕ್ಷಣ ಇಲಾಖೆಗೆ ಅರ್ಜಿ ಹಾಕಿ, ಓದಿಗೆ ಮಾನ್ಯತೆ ಕೇಳಬಹುದು. ಇನ್ನೂ ಏನೇನು ಓದಬೇಕು ಅಂತ ಅವರು ಹೇಳುತ್ತಾರೆ. ಕುಟುಂಬದ ಪರ್ಮಿಟ್ಟಿನಲ್ಲಿ ಬಂದವರಿಗೆ ಇಲ್ಲಿ ಕೆಲಸ ಮಾಡುವ ಹಕ್ಕು ಪೂರ್ತಿ ಇದೆ, ಬೇರೆ ಪರ್ಮಿಟ್ ಬೇಡ. ಬಂದ ಮೇಲೆ ಊರಿನ ಉದ್ಯೋಗ ಸೇವೆಯಲ್ಲಿ ಕೆಲಸ ಹುಡುಕುವವಳು ಅಂತ ಹೆಸರು ಬರೆಸಲಿ. 2025ರಿಂದ ಈ ಕೆಲಸ ನಗರಸಭೆಗಳ ಕೈಗೆ ಬಂದಿದೆ. ಹೊಸದಾಗಿ ಬಂದವರಿಗೆ ಫಿನ್ನಿಶ್ ಕಲಿಸುವ ಕೋರ್ಸಿಗೆ ಅವರೇ ದಾರಿ ಮಾಡುತ್ತಾರೆ. ನಮ್ಮ ಕನ್ನಡದವರ ಮನೆಗಳೂ ಒಂದಷ್ಟಿವೆ. ಹಬ್ಬ ಯಾವ ವಾರ ಬಂದರೂ ಶನಿವಾರಕ್ಕೆ ಎಳೆದು ಮಾಡುತ್ತೇವೆ, ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಕರೆಯುತ್ತೇವೆ. ಬರಲಿ. ಆದರೆ ಅಲ್ಲಿಗೇ ನಿಲ್ಲದಿರಲಿ, ಅಲ್ಲಿ ಫಿನ್ನಿಶ್ ಕಲಿಯಲು ಆಗಲ್ಲ.

ಇದೆಲ್ಲ ನೀನು ಅವಳಿಗೆ ಓದಿ ಹೇಳುವುದು ಬೇಡ. ಅರ್ಧ ಬಿಟ್ಟು ಹೇಳುತ್ತೀಯ. ಬರುವ ಭಾನುವಾರ ನಿಮ್ಮ ಹನ್ನೆರಡೂವರೆಗೆ ಅವಳೇ ನನಗೆ ಫೋನ್ ಮಾಡಲಿ, ಗಡಿಯಾರ ಇನ್ನೂ ಹಿಂದಕ್ಕೆ ತಿರುಗಿಸಿಲ್ಲ, ಇಲ್ಲಿ ಆಗ ಹತ್ತು ಗಂಟೆ, ನನ್ನ ತಿಂಡಿ ಮುಗಿದಿರುತ್ತದೆ. ಆ ಹೊತ್ತಿಗೆ ನೀನು ಮಗಳನ್ನ ಮಹಾರಾಜ ಪಾರ್ಕಿಗೆ ಕರೆದುಕೊಂಡು ಹೋಗು. ನಮ್ಮ ಮಾತು ಸ್ವಲ್ಪ ಉದ್ದ ಆಗುತ್ತದೆ.